ಮಳೆ ಬಂದಾಗ ಮಾತ್ರ ಗಾಡಿ ಪೂರ್ತಿ ಆಫ್ ಆಗ್ತಿದೆ: 1998ರ ಮಾರುತಿ 800

ಹಿನ್ನೀರು_ಸಾಗರ
ಎಲ್ಲರಿಗೂ ನಮಸ್ಕಾರ. 1998ರ ಮಾರುತಿ 800, ಕಾರ್ಬುರೇಟರ್ ಮಾಡೆಲ್. ಚಿಕ್ಕಪ್ಪನ ಗಾಡಿ, ಈಗ ನನ್ನ ಹತ್ರ ಇದೆ. ಇರೋದು ಸಾಗರದಲ್ಲಿ, ತಿಂಗಳಿಗೆ ಒಂದೆರಡು ಸಲ ಹೊನ್ನಾವರಕ್ಕೆ ಘಟ್ಟ ಇಳಿದು ಹತ್ತಬೇಕು.

ಸಮಸ್ಯೆ ಇದು: ಓಡ್ತಾ ಇರುವಾಗಲೇ ಪಟ್ ಅಂತ ಇಂಜಿನ್ ನಿಲ್ತದೆ. ಮಿಸ್ಸಿಂಗ್ ಇಲ್ಲ, ಜರ್ಕ್ ಇಲ್ಲ. ಸೈಡಿಗೆ ಹಾಕಿ ಕೀ ತಿರುಗಿಸಿದರೆ ಮೀಟರಿನ ಕೆಂಪು ದೀಪ ಒಂದೂ ಬರಲ್ಲ, ಸೆಲ್ಫೂ ಇಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ತಿರುಗಿಸಿದರೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಗ್ತದೆ. ಗ್ಯಾರೇಜಿಗೆ ತಗೊಂಡು ಹೋದರೆ ಅಲ್ಲಿ ಚೆನ್ನಾಗೇ ಇರ್ತದೆ. ಒಬ್ಬರು ಬ್ಯಾಟರಿ ಹಾಕಿಸಿದರು, ಇನ್ನೊಬ್ಬರು ಇಗ್ನಿಷನ್ ಕಾಯಿಲ್ ಬದಲಿಸಿದರು. ಈಗ ಮೂರನೆಯವರು ವೈರಿಂಗ್ ಕಿಟ್ಟೇ ಪೂರ್ತಿ ಹೊಸದು ಹಾಕಬೇಕು ಅಂತಿದಾರೆ.

ನಾನು ಗಮನಿಸಿದ್ದು ಒಂದೇ: ಮಳೆ ಇದ್ದಾಗಲೇ ಆಗೋದು. ಬೇಸಿಗೆಯಲ್ಲಿ ಒಂದು ಸಲಾನೂ ಆಗಿಲ್ಲ. ಮನೆಯವರನ್ನ, ಮಕ್ಕಳನ್ನ ಕೂರಿಸ್ಕೊಂಡು ಘಟ್ಟದಲ್ಲಿ ಹೋಗಕ್ಕೆ ಧೈರ್ಯ ಬರ್ತಿಲ್ಲ. ದಾರಿ ಹೇಳಿ.

ಮೈಸೂರು_ಮೈಲೇಜ್
ಮಳೆ ಅಂದಮೇಲೆ ಮುಗೀತು ಸಾರ್. ಡಿಸ್ಟ್ರಿಬ್ಯೂಟರ್ ಕ್ಯಾಪ್ (ಪ್ಲಗ್ಗುಗಳಿಗೆ ಕರೆಂಟು ಹಂಚೋ ಭಾಗದ ಮುಚ್ಚಳ) ಒಳಗೆ ನೀರು. ಕ್ಯಾಪು, ಪ್ಲಗ್ ವೈರು ಬದಲಿಸಿ.

ಟೆಸ್ಟ್_ಲ್ಯಾಂಪ್
> ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ನೀರು

ಇರಲಾರದು. ಕ್ಯಾಪಿನಲ್ಲಿ ನೀರು ಸೇರಿದರೆ ಸ್ಪಾರ್ಕ್ ಹೋಗಬಹುದು, ಆದರೆ ಮೀಟರಿನ ಕೆಂಪು ದೀಪ ಯಾಕೆ ಹೋಗಬೇಕು? ಕೀ ಆನ್ ಇದ್ದು ಇಂಜಿನ್ ನಿಂತಿದ್ದರೆ ಆಯಿಲ್ ದೀಪ, ಬ್ಯಾಟರಿ ದೀಪ ಎರಡೂ ಉರೀಲೇಬೇಕು. ಅವರು ಸೆಲ್ಫೂ ಇಲ್ಲ ಅಂತಿದಾರೆ. ಪೋಸ್ಟ್ ಪೂರ್ತಿ ಓದಿ.

ಹಿನ್ನೀರು ಅವರೇ, ಒಂದು ಪ್ರಶ್ನೆ. ಗಾಡಿ ಸತ್ತು ನಿಂತಾಗ ಹೆಡ್‌ಲೈಟ್ ಉರೀತದಾ?

ಕರಾವಳಿ_ಗಾಡಿ
ಮಾರಾಯ್ರೆ, ಎಂಥದ್ದು ಮಾಡುವ ಮೊದಲು ಅರ್ಥ್ (ಬ್ಯಾಟರಿ ನೆಗೆಟಿವ್‌ನಿಂದ ಗಾಡಿಯ ಬಾಡಿಗೆ ಬರುವ ವೈರ್) ನೋಡಿ. ಹಳೇ ಗಾಡಿಯ ಕರೆಂಟ್ ತೊಂದರೆಯಲ್ಲಿ ಮುಕ್ಕಾಲು ಪಾಲು ಅರ್ಥಿನದ್ದೇ. ನಮ್ಮ ಕುಂದಾಪುರದ ಉಪ್ಪು ಗಾಳಿಗೆ ಬಾಡಿಗೆ ಬೋಲ್ಟ್ ಹಾಕಿದ ಜಾಗ ಒಳಗಿಂದ ತುಕ್ಕು ಹಿಡಿದಿರ್ತದೆ, ಹೊರಗಿಂದ ಚಂದವೇ ಕಾಣ್ತದೆ.

ನನ್ನ ಹಳೇ ವ್ಯಾನಿನಲ್ಲಿ ಇಂಜಿನ್‌ನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ತುಂಡಾಗಿತ್ತು. ಸೆಲ್ಫ್ ಹೊಡೆದಾಗೆಲ್ಲ ಅಷ್ಟೂ ಕರೆಂಟು ಆಕ್ಸಿಲರೇಟರ್ ಕೇಬಲ್ ಮೇಲೆ ಹಾದು ಹೋಗ್ತಾ ಇತ್ತು. ಕೇಬಲ್ ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗಿ ಆಕ್ಸಿಲರೇಟರ್ ಜಾಮ್! ಕೇಬಲ್ ಬದಲಿಸಿದ್ರು, ಮತ್ತೆ ಜಾಮ್. ಆಮೇಲೆ ಒಬ್ಬ ಹಳೇ ಮೇಸ್ತ್ರಿ ಬಾನೆಟ್ ಎತ್ತಿ ಅರ್ಥ್ ಪಟ್ಟಿ ತೋರಿಸಿದ. ಅರ್ಥಿಗೆ ಮರ್ಯಾದೆ ಕೊಡದಿದ್ರೆ ಕರೆಂಟು ತನ್ನ ದಾರಿ ತಾನೇ ಹುಡುಕ್ತದೆ.

ಹುಬ್ಬಳ್ಳಿ_ಹೈವೇ
ಖರೇ ಮಾತು ರೀ. ಇದರ ಜೋಡಿ ಬ್ಯಾಟರಿ ಟರ್ಮಿನಲ್ಲೂ ತೆಗದು ನೋಡ್ರಿ. ಹೊಸಾ ಬ್ಯಾಟರಿ ಹಾಕ್ಯಾರಂದ್ರ ಟರ್ಮಿನಲ್ ಸರಿ ಬಿಗಿ ಮಾಡ್ಯಾರ ಅಂತ ಅಲ್ಲ. ಕೈಲೆ ಹಿಡದು ತಿರುವಿದ್ರ ತಿರಗತಿತ್ತಂದ್ರ ಲೂಸ್ ಐತಿ ಅಂತ ತಿಳ್ಕೋರಿ.

ಹಿನ್ನೀರು_ಸಾಗರ
ಟೆಸ್ಟ್_ಲ್ಯಾಂಪ್ ಅವರೇ, ಹೌದು, ಹೆಡ್‌ಲೈಟ್ ಉರೀತದೆ, ಫುಲ್ ಬೆಳಕು. ಕೀ ಆನ್ ಮಾಡಿದರೆ ಮಾತ್ರ ಏನೂ ಇಲ್ಲ.

ಹುಬ್ಬಳ್ಳಿ ಅಣ್ಣಾವ್ರೇ, ಟರ್ಮಿನಲ್ ಗಟ್ಟಿ ಇದೆ.

ಟೆಸ್ಟ್_ಲ್ಯಾಂಪ್
ಹಾಗಾದರೆ ಇಲ್ಲಿಗೇ ಅರ್ಧ ಗಾಡಿ ಲೆಕ್ಕದಿಂದ ಹೊರಗೆ ಹೋಯ್ತು. ಹೆಡ್‌ಲೈಟ್ ಎರಡೂ ಸೇರಿ 9 ರಿಂದ 10 ಆಂಪ್ಸ್ ಎಳೀತವೆ. ಅವು ಫುಲ್ ಉರೀತಿದ್ದರೆ ಬ್ಯಾಟರಿ ಸರಿ, ಟರ್ಮಿನಲ್ ಸರಿ, ಬಾಡಿಗೆ ಹೋಗೋ ಅರ್ಥೂ ಸರಿ. ಕರಾವಳಿ ಅಣ್ಣ ಹೇಳಿದ್ದು ಬಹಳ ಗಾಡಿಗಳಿಗೆ ನಿಜ, ಈ ಗಾಡಿಗೆ ಅಲ್ಲ.

ಇನ್ನೊಂದು ಗಮನಿಸಿ. ಕೀ ಸ್ವಿಚ್ಚಿಗೆ ಬ್ಯಾಟರಿಯಿಂದ ಒಂದು ದಪ್ಪ ವೈರ್ ಬರ್ತದೆ. ಸ್ವಿಚ್ಚಿನ ಒಳಗೆ ಅದು ಇಗ್ನಿಷನ್ನಿಗೆ, ಸೆಲ್ಫಿಗೆ, ಆಕ್ಸೆಸರಿಗೆ ಅಂತ ಕವಲಾಗ್ತದೆ. ಇವರಿಗೆ ಇಗ್ನಿಷನ್ನೂ ಇಲ್ಲ, ಸೆಲ್ಫೂ ಇಲ್ಲ. ಎರಡು ಕವಲು ಒಟ್ಟಿಗೆ ಸಾಯೋದು ಅಪರೂಪ. ತೊಂದರೆ ಕವಲಿಗಿಂತ ಹಿಂದೆ ಇದೆ: ಆ ದಪ್ಪ ವೈರು, ಅದರ ಕಪ್ಲರು (ವೈರನ್ನ ಸ್ವಿಚ್ಚಿಗೆ ಜೋಡಿಸೋ ಪ್ಲಾಸ್ಟಿಕ್ ಸಾಕೆಟ್ಟು), ಇಲ್ಲ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟು.

ಕರಾವಳಿ_ಗಾಡಿ
ಹೆಡ್‌ಲೈಟಿನ ಅರ್ಥ್ ಬೇರೆ ಬೋಲ್ಟಿಗೆ, ಡ್ಯಾಶ್‌ಬೋರ್ಡಿನ ಅರ್ಥ್ ಬೇರೆ ಬೋಲ್ಟಿಗೆ ಇರ್ತದೆ ಅಲ್ವಾ? ಡ್ಯಾಶ್‌ಬೋರ್ಡಿನದ್ದು ಹೋದ್ರೆ ಕೆಂಪು ದೀಪ ಬರುದಿಲ್ಲ. ಅಷ್ಟು ಸಲೀಸಾಗಿ ಅರ್ಥನ್ನು ಬಿಡುದು ಬೇಡ.

ಟೆಸ್ಟ್_ಲ್ಯಾಂಪ್
ಡ್ಯಾಶ್ ಅರ್ಥ್ ಹೋದರೆ ದೀಪ ಹೋಗ್ತದೆ, ಒಪ್ಪಿದೆ. ಆದರೆ ಇಂಜಿನ್ ಯಾಕೆ ನಿಲ್ತದೆ, ಸೆಲ್ಫ್ ಯಾಕೆ ಹೋಗ್ತದೆ? ಅವಕ್ಕೆ ಇಂಜಿನ್ ಕಡೆಯ ಅರ್ಥ್. ಮೂರೂ ಒಟ್ಟಿಗೆ ಹೋಗೋದಕ್ಕೆ ಪಾಸಿಟಿವ್ ಕಡೆಯ ಒಂದೇ ಜಾಗ ಸಾಕು, ಅರ್ಥ್ ಕಡೆ ಆದರೆ ಎರಡು ಮೂರು ಜಾಗ ಒಂದೇ ಕ್ಷಣದಲ್ಲಿ ಕೈಕೊಡಬೇಕು.

ಕರಾವಳಿ_ಗಾಡಿ
ಅದು ಸರಿ. ಒಪ್ಪಿದೆ.

ಅಡಿಕೆ_ಸಿಪ್ಪೆ
ಇಲಿ ನೋಡಿದ್ರಾ? ನಮ್ಮಲ್ಲಿ ಮಳೆ ಶುರುವಾದ ಕೂಡಲೇ ಇಲಿ ಎಲ್ಲ ಬಾನೆಟ್ ಒಳಗೆ. ಕೊಟ್ಟಿಗೆ ಪಕ್ಕ ನಿಲ್ಲಿಸಿದ ಗಾಡಿ ವೈರ್ ಪೂರ್ತಿ ಕತ್ತರಿಸಿ ಹಾಕಿದ್ದೊ. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿಟ್ಟರೆ ಸ್ವಲ್ಪ ದಿನ ಬರೋದಿಲ್ಲೆ.

ಮೈಸೂರು_ಮೈಲೇಜ್
ಹೊಗೆಸೊಪ್ಪು ನಿಜವಾಗ್ಲೂ ಕೆಲಸ ಮಾಡುತ್ತಾ? ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲೂ ಹೆಗ್ಗಣದ ಕಾಟ.

ಅಡಿಕೆ_ಸಿಪ್ಪೆ
ವಾಸನೆ ಇರೋ ತನಕ ಮಾಡ್ತು. ಹದಿನೈದು ದಿನಕ್ಕೊಮ್ಮೆ ಹೊಸದು ಇಡವು. ಗಾಡಿ ದಿನಾ ಓಡಿಸೋದು ಅದಕ್ಕಿಂತ ಒಳ್ಳೇದು.

ಗುಜರಿ_ಗೆಳೆಯ
ಗುರೂ, ಈ ಗಾಡಿಗೆ ಇಷ್ಟು ತಲೆ ಕೆಡಿಸ್ಕೋಬೇಕಾ? ಆರ್‌ಸಿ ರಿನ್ಯೂವಲ್ ಫೀಸ್ ನೋಡಿದ್ರಾ? 2022ರ ಏಪ್ರಿಲ್‌ನಲ್ಲೇ 600 ಇದ್ದದ್ದು 5000 ಮಾಡಿದ್ರು. ಐದೈದು ವರ್ಷಕ್ಕೆ ಎಫ್‌ಸಿ, ಗ್ರೀನ್ ಟ್ಯಾಕ್ಸು ಬೇರೆ. ಮಾರಿ ಬೇರೆ ತಗೊಳ್ಳಿ.

ಹಿನ್ನೀರು_ಸಾಗರ
ಇಲಿ ಕಡಿದಿದ್ದು ಕಣ್ಣಿಗೆ ಬೀಳ್ತಾ ಇಲ್ಲ. ಮಾರೋ ಯೋಚನೆ ಇಲ್ಲ. ನಮ್ಮ ಕೇರಿ ರಸ್ತೆಗೆ ಇದಕ್ಕಿಂತ ಅಗಲದ ಗಾಡಿ ತಿರುಗಲ್ಲ, ಮತ್ತೆ 796 ಸಿಸಿ ಮೂರು ಸಿಲಿಂಡರಿನ ಇಂಜಿನ್ನು, ನಾನೇ ಅರ್ಧ ಕೆಲಸ ಮಾಡ್ಕೊಳ್ತೇನೆ. 2023ರಲ್ಲಿ ರಿನ್ಯೂವಲ್ ಮಾಡಿಸಿ ಆಗಿದೆ.

ಮಲ್ಟಿಮೀಟರ್ ಇದೆ. ಮನೆಯಲ್ಲಿ ಕೀ ಸ್ವಿಚ್ಚಿನ ಹಿಂದೆ ನೋಡಿದೆ, ಪಿನ್ನಿನಲ್ಲಿ 12.5 ವೋಲ್ಟ್ ಬರ್ತಿದೆ. ಅಲ್ಲಿಗೆ ಕೀ ಸ್ವಿಚ್ ಸರಿ ಅಂತ ಆಯ್ತಲ್ಲ?

ಟೆಸ್ಟ್_ಲ್ಯಾಂಪ್
ಆಗಲಿಲ್ಲ. ಇದನ್ನ ನಾನು ಎಷ್ಟು ಜನಕ್ಕೆ ಹೇಳಿದರೂ ಸಾಕಾಗಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮಲ್ಟಿಮೀಟರ್ ವೋಲ್ಟೇಜ್ ಅಳೆಯುವಾಗ ಕರೆಂಟು ಎಳೆಯೋದೇ ಇಲ್ಲ ಅನ್ನಬಹುದು. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12.5 ತೋರಿಸ್ತದೆ. ಸುಟ್ಟು ಕಪ್ಪಾದ ಪಿನ್ನಿನಲ್ಲೂ ತೋರಿಸ್ತದೆ. ಲೋಡ್ ಹಾಕಿದಾಗ ಮಾತ್ರ ಬಣ್ಣ ಬಯಲಾಗೋದು.

ಅದಕ್ಕೆ ಮೀಟರನ್ನ ಹೀಗೆ ಹಿಡೀರಿ. ಕೆಂಪು ಪ್ರೋಬನ್ನ ಕೀ ಸ್ವಿಚ್ಚಿಗೆ ಬರೋ ದಪ್ಪ ವೈರಿನ ಮೇಲೆ, ಕಪ್ಲರಿನ ವೈರ್ ಕಡೆ ಗುಂಡುಸೂಜಿ ತೂರಿಸಿ ಇಡಿ. ಕಪ್ಪನ್ನ ಬಾಡಿಗೆ ಇಡಬೇಡಿ, ಸ್ವಿಚ್ಚಿನಿಂದ ಹೊರಗೆ ಹೋಗೋ ಇಗ್ನಿಷನ್ ವೈರಿನ ಮೇಲೆ ಇಡಿ. ಇಂಜಿನ್ ಓಡ್ತಿರಲಿ. ಈಗ ಮೀಟರ್ ತೋರಿಸೋದು ಸ್ವಿಚ್ಚು, ಕಪ್ಲರು ಎರಡೂ ಸೇರಿ ತಿಂದು ಹಾಕ್ತಿರೋ ವೋಲ್ಟೇಜ್. 0.2ರ ಒಳಗಿದ್ದರೆ ಆರೋಗ್ಯ. ಅರ್ಧ ವೋಲ್ಟ್ ದಾಟಿದರೆ ರೋಗ ಸಿಕ್ಕಿತು.

ಎರಡನೇದು, ಗಾಡಿ ಸಾಯುವಾಗ ನೋಡೋದಕ್ಕೆ ಸಾಕ್ಷಿ ಬೇಕು. ಗ್ಯಾರೇಜಿನಲ್ಲಿ ಅದು ಸಾಯಲ್ಲ, ಅದಕ್ಕೇ ಎಲ್ಲರೂ ಊಹೆ ಮೇಲೆ ಸಾಮಾನು ಬದಲಿಸ್ತಾರೆ, ದುಡ್ಡು ನಿಮ್ಮದು. 5 ವ್ಯಾಟಿನ ಪಾರ್ಕಿಂಗ್ ಬಲ್ಬ್ ಮೂರು ತಗೊಳ್ಳಿ. ಒಂದು ಕೀ ಸ್ವಿಚ್ಚಿಗೆ ಬರೋ ವೈರಿಗೆ, ಒಂದು ಸ್ವಿಚ್ಚಿನಿಂದ ಹೋಗೋ ವೈರಿಗೆ, ಒಂದು ಇಗ್ನಿಷನ್ ಕಾಯಿಲಿನ ಪಾಸಿಟಿವಿಗೆ. ಪ್ರತಿಯೊಂದಕ್ಕೂ ಒಂದು ಚಿಕ್ಕ ಫ್ಯೂಸ್ ಹಾಕಿ, ಡ್ಯಾಶ್‌ಬೋರ್ಡಿನ ಮೇಲೆ ಟೇಪಿನಲ್ಲಿ ಅಂಟಿಸಿ ಓಡಿಸಿ. ಗಾಡಿ ಸತ್ತಾಗ ಯಾವ ದೀಪ ಆರಿದೆ, ಯಾವುದು ಉರೀತಿದೆ ನೋಡಿ. ಉರಿಯೋ ಕೊನೇ ದೀಪಕ್ಕೂ ಆರಿದ ಮೊದಲ ದೀಪಕ್ಕೂ ನಡುವೆ ಇರೋದೇ ಅಪರಾಧಿ. ಮೊದಲನೇ ಬಲ್ಬು ಯಾವಾಗಲೂ ಉರೀತಿರ್ತದೆ, ನಿಲ್ಲಿಸಿದಾಗ ಬಿಚ್ಚಿಡಿ, ಇಲ್ಲಾಂದರೆ ಬ್ಯಾಟರಿ ಇಳೀತದೆ.

ಹಾಸನ_ಆಟೋ_ಎಲೆಕ್ಟ್ರಿಕಲ್
ನಾನು ಇದೇ ಕಸುಬಿನವನು. ಮೇಲಿನವರು ಹೇಳಿದ್ದು ಸರಿಯಾದ ಕ್ರಮ. ಒಂದು ಮಾತು ಸೇರಿಸ್ತೀನಿ: ಎಲ್ಲಾ ಎಲೆಕ್ಟ್ರಿಷಿಯನ್ನೂ ಊಹೆ ಮೇಲೆ ಬದಲಿಸ್ತಾರೆ ಅನ್ನಬೇಡಿ. ಗಿರಾಕಿ ಬೆಳಿಗ್ಗೆ ಗಾಡಿ ಬಿಟ್ಟು ಮಧ್ಯಾಹ್ನ ಬೇಕು ಅಂತಾರೆ. ಯಾವಾಗಲೋ ಒಮ್ಮೆ ಬರೋ ತೊಂದರೆ ಹಿಡಿಯಕ್ಕೆ ಎರಡು ದಿನ ಗಾಡಿ ನಾವೇ ಓಡಿಸಬೇಕು. ಆ ಎರಡು ದಿನದ ಕೂಲಿ ಕೊಡೋರು ಯಾರು? ಬ್ಯಾಟರಿ ಹಾಕಿದರೆ ಬಿಲ್ಲಿಗೆ ಬೆಲೆ ಇದೆ, ಹುಡುಕಿದ್ದಕ್ಕೆ ಇಲ್ಲ.

ಒಂದು ಕೇಳ್ತೀನಿ. ಗಾಡಿಗೆ ಎಸಿ ಇದೆಯಾ? ಕಂಪನಿದಾ, ಹೊರಗೆ ಹಾಕ್ಸಿದ್ದಾ?

ಟೆಸ್ಟ್_ಲ್ಯಾಂಪ್
ಕೂಲಿ ವಿಷಯ ನ್ಯಾಯವಾದದ್ದೇ ಸಾರ್. ಹುಡುಕೋ ಸಮಯಕ್ಕೆ ಬೇರೆ ದುಡ್ಡು ಕೊಡೋ ಪದ್ಧತಿ ನಮ್ಮಲ್ಲಿ ಬರಬೇಕು.

ಹಿನ್ನೀರು_ಸಾಗರ
ಎಸಿ ಹೊರಗೆ ಹಾಕ್ಸಿದ್ದು, ಚಿಕ್ಕಪ್ಪನ ಕಾಲದಲ್ಲಿ. ಯಾಕೆ ಸಾರ್?

ಹಾಸನ_ಆಟೋ_ಎಲೆಕ್ಟ್ರಿಕಲ್
ಮೊದಲು ಅಳತೆ ಮಾಡಿ. ಒಂದು ಸಲ ಎಸಿ, ವೈಪರು, ಬ್ಲೋಯರು ಎಲ್ಲಾ ಆಫ್ ಮಾಡಿ. ಇನ್ನೊಂದು ಸಲ ಎಲ್ಲಾ ಆನ್ ಮಾಡಿ. ಎರಡೂ ರೀಡಿಂಗ್ ಹಾಕಿ, ಆಮೇಲೆ ಹೇಳ್ತೀನಿ.

ಹೊಸ_ಲೈಸೆನ್ಸ್
ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ತೆಗೆದು ನೋಡಿ, ಇಂಜಿನ್ ನಿಂತರೆ ಆಲ್ಟರ್ನೇಟರ್ ಹೋಗಿದೆ ಅಂತ ಅರ್ಥ. ನಮ್ಮೂರ ಮೆಕ್ಯಾನಿಕ್ ಹಾಗೇ ನೋಡೋದು.

ಹಾಸನ_ಆಟೋ_ಎಲೆಕ್ಟ್ರಿಕಲ್
ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಇಂಜಿನ್ ಓಡುವಾಗ ಬ್ಯಾಟರಿ ತೆಗೆದರೆ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಗೇ ಜಿಗಿಯುತ್ತೆ, ಡಯೋಡು ರೆಗ್ಯುಲೇಟರು ಸುಡಬಹುದು. ಇಂಜೆಕ್ಷನ್ ಗಾಡಿಯಾದರೆ ಇಸಿಎಂ (ಇಂಜಿನ್ ಕಂಪ್ಯೂಟರ್) ಹೋಗಬಹುದು. ಡೈನಮೋ ಕಾಲದ ಅಭ್ಯಾಸ ಅದು. ಮೀಟರ್ ಬ್ಯಾಟರಿ ಮೇಲಿಟ್ಟು ನೋಡಿ, ಇಂಜಿನ್ ಓಡುವಾಗ 13.8 ರಿಂದ 14.4ರ ಒಳಗಿದ್ದರೆ ಚಾರ್ಜಿಂಗ್ ಸರಿ ಇದೆ. ಅಷ್ಟೇ.

ಹುಬ್ಬಳ್ಳಿ_ಹೈವೇ
ಹಿನ್ನೀರು ಅವರ, ಘಟ್ಟದಾಗ ಆಫ್ ಆತಂದ್ರ ಒಂದ್ ಲಕ್ಷ್ಯದಾಗ ಇಟ್ಕೋರಿ. ಗಾಡಿ ಇನ್ನೂ ಉರುಳಾಕತ್ತಿರುವಾಗ ಕೀ ಪೂರಾ ಹಿಂದ ತಿರುವಿ ತೆಗೀಬ್ಯಾಡ್ರಿ, ಸ್ಟೇರಿಂಗ್ ಲಾಕ್ ಆಗತೈತಿ. ಬ್ರೇಕ್ ಬೂಸ್ಟರ್ (ಪೆಡಲ್ ಹಗೂರ ಮಾಡೋದು) ಇದ್ದ ಗಾಡಿಯಾದ್ರ ಇಂಜಿನ್ ನಿಂತ ಮ್ಯಾಲೆ ಒಂದೆರಡು ಸಲ ಅಷ್ಟ ಬ್ರೇಕ್ ಹಗೂರ ಸಿಗತೈತಿ, ಆಮ್ಯಾಲ ಪೆಡಲ್ ಕಲ್ಲಾಗತೈತಿ. ಪಂಪ್ ಮಾಡಬ್ಯಾಡ್ರಿ, ಒಂದ ಸಲ ಗಟ್ಟಿ ಹಿಡದು ಎಡಕ್ಕ ತಗೊಂಡು ನಿಲ್ಲಸ್ರಿ. ಸಿಗೋ ಮಟಾ ಮಕ್ಕಳನ್ನ ಕರ್ಕೊಂಡು ಹೋಗೂದ ಬ್ಯಾಡ.

ಹಿನ್ನೀರು_ಸಾಗರ
ಧನ್ಯವಾದ ಅಣ್ಣಾ, ಅದನ್ನ ಪಾಲಿಸ್ತೇನೆ.

ಅಳತೆ ಮಾಡಿದೆ. ಎಲ್ಲ ಆಫ್, ಬರೀ ಇಂಜಿನ್ ಓಡ್ತಾ: 0.3 ವೋಲ್ಟ್. ಎಸಿ, ಬ್ಲೋಯರ್, ವೈಪರ್ ಎಲ್ಲ ಆನ್: 1.4 ವೋಲ್ಟ್. ಸ್ವಲ್ಪ ಹೊತ್ತು ಬಿಟ್ಟು ಕಪ್ಲರ್ ಮುಟ್ಟಿದೆ, ಕೈ ಇಡಕ್ಕಾಗದಷ್ಟು ಬಿಸಿ.

ಮೂರು ಬಲ್ಬೂ ಕಟ್ಟಿದೇನೆ. ಮಳೆಗೆ ಕಾಯ್ತಿದೇನೆ.

ಹಾಸನ_ಆಟೋ_ಎಲೆಕ್ಟ್ರಿಕಲ್
ಮಳೆಗೆ ಕಾಯಬೇಡಿ! ನಿಮ್ಮ ಗಾಡಿಗೆ ನೀರಿನ ತೊಂದರೆ ಇಲ್ಲ. ಮಳೆ ಬಂದಾಗ ನೀವು ಏನು ಮಾಡ್ತೀರಿ? ಗ್ಲಾಸ್ ಏರಿಸ್ತೀರಿ, ಗ್ಲಾಸ್ ಮಂಜಾಗುತ್ತೆ, ಎಸಿ ಹಾಕ್ತೀರಿ, ಬ್ಲೋಯರ್ ಜಾಸ್ತಿ ಮಾಡ್ತೀರಿ, ವೈಪರ್ ಹಾಕ್ತೀರಿ. ಇಷ್ಟೂ ಕರೆಂಟು ಕೀ ಸ್ವಿಚ್ ಮೇಲೇ ಹೋಗ್ತಿದೆ. ಸಾಗರದ ಬೇಸಿಗೆಯಲ್ಲಿ ಗ್ಲಾಸ್ ಇಳಿಸಿ ಓಡಿಸ್ತೀರಿ, ಎಸಿ ಹಾಕಲ್ಲ, ಅದಕ್ಕೇ ಬೇಸಿಗೆಯಲ್ಲಿ ಆಗಿಲ್ಲ. ಮನೆ ಮುಂದೆ ನಿಲ್ಲಿಸ್ಕೊಂಡು ಎಲ್ಲಾ ಆನ್ ಮಾಡಿ ಅರ್ಧ ಗಂಟೆ ಇಂಜಿನ್ ಓಡಿಸಿ. ಅಲ್ಲೇ ಸಾಯಬೇಕು. ಪಕ್ಕದಲ್ಲೇ ಇರಿ, ಸುಟ್ಟ ವಾಸನೆ ಬಂದರೆ ತಕ್ಷಣ ಆಫ್ ಮಾಡಿ.

ಮೈಸೂರು_ಮೈಲೇಜ್
ಅಬ್ಬಾ. ಬೇಸಿಗೆಯಲ್ಲಿ ಎಸಿ ಹಾಕ್ತಿರ್ಲಿಲ್ವಾ ಹಿನ್ನೀರು ಅವರೇ?

ಹಿನ್ನೀರು_ಸಾಗರ
ಇಲ್ಲ, ಘಟ್ಟ ಹತ್ತುವಾಗ ಎಳೆಯಲ್ಲ ಅಂತ ಹಾಕಲ್ಲ. ಮಳೆಯಲ್ಲಿ ಗ್ಲಾಸ್ ಕಾಣಲ್ಲ ಅಂತ ಹಾಕಲೇಬೇಕು. ಇವತ್ತೇ ನೋಡ್ತೇನೆ.

ಪುಣೆ_ಕನ್ನಡಿಗ
ಕೆಲಸದ ಸಂಬಂಧ ವೈರಿಂಗ್ ಹಾರ್ನೆಸ್ ನೋಡೋನು ನಾನು, ಲೆಕ್ಕ ಹಾಕಿ ತೋರಿಸ್ತೀನಿ. 0.3ರಿಂದ 1.4ಕ್ಕೆ ಏರಿದೆ ಅಂದರೆ ಕರೆಂಟು ಸುಮಾರು ನಾಲ್ಕೂವರೆ ಪಟ್ಟು ಏರಿದೆ. ಬರೀ ಇಗ್ನಿಷನ್ನಿಗೆ 4 ಆಂಪ್ಸ್ ಅಂತ ಹಿಡಿದರೆ ಎಲ್ಲಾ ಆನ್ ಮಾಡಿದಾಗ 18 ಆಂಪ್ಸ್ ಹತ್ತಿರ. 1.4 ವೋಲ್ಟನ್ನ 18ರಿಂದ ಗುಣಿಸಿ: 25 ವ್ಯಾಟ್. ನಾವು ಬೆಸುಗೆ ಹಾಕೋ ಸೋಲ್ಡರಿಂಗ್ ಐರನ್ 25 ವ್ಯಾಟಿನದು! ಅಷ್ಟು ಶಾಖ ಒಂದು ಉಗುರಿನಷ್ಟು ಪಿನ್ನಿನ ಸುತ್ತ.

ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತೆ. ಶಾಖಕ್ಕೆ ಪಿನ್ನಿನ ಸ್ಪ್ರಿಂಗ್ ಹಿಡಿತ ಸಡಿಲ ಆಗುತ್ತೆ, ಸಡಿಲಾದರೆ ರೆಸಿಸ್ಟೆನ್ಸ್ ಏರುತ್ತೆ, ಮತ್ತೆ ಶಾಖ. ಒಂದು ಹಂತದಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಹಿಂದೆ ಸರಿದು ಕಾಂಟ್ಯಾಕ್ಟ್ ಬಿಡುತ್ತೆ. ತಣ್ಣಗಾದಾಗ ಮತ್ತೆ ತಾಗುತ್ತೆ. ನಿಮ್ಮ ಹತ್ತು ಹದಿನೈದು ನಿಮಿಷ ಅದೇ.

ಇದರ ಜೊತೆ ಇನ್ನೊಂದು ಕಾಯಿಲೆ ಹಳೇ ಗಾಡಿಗಳಲ್ಲಿ ಬಹಳ. ತವರ ಲೇಪದ ಪಿನ್ನುಗಳು ಇಂಜಿನ್ ನಡುಕಕ್ಕೆ ಕೂದಲೆಳೆಯಷ್ಟು ಹಿಂದೆ ಮುಂದೆ ಉಜ್ಜಿ, ಕಪ್ಪು ಆಕ್ಸೈಡ್ ಪುಡಿ ನಡುವೆ ಸೇರ್ಕೊಳ್ಳುತ್ತೆ. ಕಪ್ಲರ್ ಬಿಚ್ಚಿ ಹಾಕಿದರೆ ಪುಡಿ ಸರಿದು ಸರಿಯಾಗುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಶುರು. "ಏನೋ ಮುಟ್ಟಿದ್ರು, ಸರಿ ಹೋಯ್ತು" ಅಂತ ಜನ ಹೇಳ್ತಾರಲ್ಲ, ಬಹುಪಾಲು ಅದರ ಹಿಂದೆ ಇದೇ ಇರುತ್ತೆ.

ಹೊಸ_ಲೈಸೆನ್ಸ್
ಹಾಗಾದ್ರೆ ಫ್ಯೂಸ್ ಯಾಕೆ ಹೋಗ್ಲಿಲ್ಲ? ಇಷ್ಟು ಬಿಸಿ ಆದ್ರೆ ಫ್ಯೂಸ್ ಹೋಗ್ಬೇಕಲ್ವಾ?

ಪುಣೆ_ಕನ್ನಡಿಗ
ಒಳ್ಳೇ ಪ್ರಶ್ನೆ. ಫ್ಯೂಸ್ ನೋಡೋದು ಕರೆಂಟನ್ನ, ಇನ್ನೆಲ್ಲೋ ಆಗ್ತಿರೋ ಶಾಖವನ್ನಲ್ಲ. ಕೆಟ್ಟ ಪಿನ್ ಕರೆಂಟನ್ನ ಕಡಿಮೆ ಮಾಡುತ್ತೆ, ಜಾಸ್ತಿ ಅಲ್ಲ. ಮತ್ತೆ ಒಂದೊಂದು ಸರ್ಕ್ಯೂಟಿನ ಫ್ಯೂಸೂ ಕೀ ಸ್ವಿಚ್ಚಿನ ಆಚೆ ಇರೋದು. ಒಂದೊಂದರಲ್ಲಿ ಮಿತಿಯೊಳಗೇ ಹರಿಯುತ್ತೆ, ಸ್ವಿಚ್ಚಿನಲ್ಲಿ ಎಲ್ಲಾ ಕೂಡುತ್ತೆ. ಅದಕ್ಕೇ ಫ್ಯೂಸ್ ಸರಿ ಇದೆ ಅಂತ ವೈರಿಂಗ್ ಸರಿ ಇದೆ ಅಂದ್ಕೋಬೇಡಿ. ಇನ್ನು ಫ್ಯೂಸ್ ಹೋದ ಕಡೆ ಸಿಗರೇಟ್ ಫಾಯಿಲ್ ಸುತ್ತೋದು, 10ರ ಜಾಗಕ್ಕೆ 30 ಹಾಕೋದು, ಅದು ಬೆಂಕಿಗೆ ದಾರಿ.

ಹಿನ್ನೀರು_ಸಾಗರ
ಸಿಕ್ಕಿತು!

ಮನೆ ಮುಂದೆಯೇ ಎಲ್ಲ ಆನ್ ಮಾಡಿ ಓಡಿಸಿದೆ. ಸ್ವಲ್ಪ ಹೊತ್ತಿಗೆ ಪಟ್ ಅಂತ ಆಫ್. ಮೊದಲನೇ ಬಲ್ಬ್ ಉರೀತಾ ಇತ್ತು, ಎರಡೂ ಮೂರೂ ಆರಿದ್ದವು. ಬ್ಯಾಟರಿ ನೆಗೆಟಿವ್ ತೆಗೆದು ಸ್ಟೇರಿಂಗ್ ಕೆಳಗಿನ ಕವರ್ ಬಿಚ್ಚಿ ಕಪ್ಲರ್ ಎಳೆದೆ. ದಪ್ಪ ವೈರಿನ ಪಿನ್ ಇರೋ ಮೂಲೆ ಕಂದು ಬಣ್ಣಕ್ಕೆ ತಿರುಗಿ ಕರಗಿದೆ, ಪಿನ್ ಹಿಂದಕ್ಕೆ ಜಾರಿದೆ. ಸ್ವಿಚ್ ಕಡೆಯ ಪಿನ್ನೂ ಕಪ್ಪಾಗಿದೆ.

ಹಾಸನದ ಸಾರ್ ಕೇಳಿದ್ದು ಸರಿ. ಎಸಿ ಹಾಕಿದವರು ಕಂಡೆನ್ಸರ್ ಫ್ಯಾನಿಗೂ ಕಂಪ್ರೆಸರ್ ಕ್ಲಚ್ಚಿಗೂ ಇಗ್ನಿಷನ್ ವೈರನ್ನೇ ಸುಲಿದು ತಿರುಚಿ ಟೇಪ್ ಸುತ್ತಿದಾರೆ. ರಿಲೇನೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್ಚು) ಇಲ್ಲ, ಫ್ಯೂಸೂ ಇಲ್ಲ.

ಕರಾವಳಿ_ಗಾಡಿ
ಭಾರೀ ಖುಷಿ ಆಯ್ತು ಮಾರಾಯ್ರೆ. ವೈರಿಂಗ್ ಕಿಟ್ ಖರ್ಚು ಉಳೀತು. ಅದು ಹಾಕಿಸಿದ್ರೂ ಮತ್ತೆ ಫ್ಯಾನನ್ನು ಅಲ್ಲಿಗೇ ತಿರುಚಿ ಹಾಕ್ತಿದ್ರು, ಎರಡು ಮಳೆಗಾಲ ಕಳೆದ ಮೇಲೆ ಪುನಃ ಇದೇ.

ಹಾಸನ_ಆಟೋ_ಎಲೆಕ್ಟ್ರಿಕಲ್
ಈಗ ರಿಪೇರಿ ಸರಿಯಾಗಿ ಮಾಡಿ. ಬರೀ ಪಿನ್ ಒತ್ತಿ ಕೂರಿಸಿದರೆ ಮತ್ತೆ ಬರುತ್ತೆ, ಒಮ್ಮೆ ಕಾದ ಪಿನ್ನಿಗೆ ಹಿಡಿತ ಇರಲ್ಲ. ಕೀ ಸ್ವಿಚ್ಚಿನ ಹಿಂಭಾಗದ ಕಾಂಟ್ಯಾಕ್ಟ್ ಭಾಗವನ್ನೂ ಕಪ್ಲರನ್ನೂ ಎರಡೂ ಬದಲಿಸಿ. ಒಂದು ಹಳೇದು ಉಳಿಸಿದರೆ ಅದು ಹೊಸದನ್ನೂ ಸುಡುತ್ತೆ. ವೈರಿನ ತುದಿ ಕಪ್ಪಾಗಿದ್ದರೆ ಹೊಳೆಯೋ ತಾಮ್ರ ಕಾಣೋವರೆಗೆ ಕತ್ತರಿಸಿ ಹೊಸ ಪಿನ್ ಕ್ರಿಂಪ್ ಮಾಡಿ (ಇಕ್ಕಳದಲ್ಲಿ ವೈರಿಗೆ ಬಿಗಿಯೋದು).

ಎಸಿಗೆ ರಿಲೇ (ಈ ನಂಬರ್ ರಿಲೇ ಪಿನ್ನುಗಳದ್ದು): 30ಕ್ಕೆ ಬ್ಯಾಟರಿಯಿಂದ ನೇರ ವೈರ್, 2.5 ಸ್ಕ್ವೇರ್ ಎಂಎಂ, ಬ್ಯಾಟರಿ ಹತ್ತಿರವೇ 15 ಆಂಪ್ಸ್ ಫ್ಯೂಸ್. 87ರಿಂದ ಫ್ಯಾನು, ಕ್ಲಚ್ಚು. 86ಕ್ಕೆ ಈಗಿರೋ ಎಸಿ ಸ್ವಿಚ್ಚಿನ ವೈರು, 85 ಬಾಡಿಗೆ. ರಿಲೇ ಕಾಯಿಲ್ ಎಳೆಯೋದು ಕಾಲು ಆಂಪಿಗಿಂತ ಕಡಿಮೆ. ಕೀ ಸ್ವಿಚ್ಚಿನ ಮೇಲೆ ಆ ಭಾರ ಇರಲ್ಲ.

ಗುಜರಿ_ಗೆಳೆಯ
ಕಪ್ಲರ್ ಒಂದೇ ಬೇಕಾದ್ರೆ ಹೊಸ ಕಿಟ್ ತಗೋಬೇಡಿ. ಬೆಂಗಳೂರಿನ ಕಡೆ ಬಂದ್ರೆ ಜೆ.ಸಿ. ರಸ್ತೆಯಲ್ಲಿ ಪಿನ್ನು, ಕಪ್ಲರು ಬಿಡಿಯಾಗೇ ಸಿಗುತ್ತೆ. ಹಳೇ ಗಾಡಿದು ವೈರ್ ಸಮೇತ ಬೇಕು ಅಂದ್ರೆ ಶಿವಾಜಿನಗರದ ಗುಜರಿ. ಕರಗದೇ ಇರೋದನ್ನ ನೋಡಿ ತಗೊಳ್ಳಿ. ಮಾರಿ ಅಂದಿದ್ದೆ, ಈಗ ಇಟ್ಕೊಳ್ಳಿ ಅಂತೀನಿ.

ಹಿನ್ನೀರು_ಸಾಗರ
ಶಿವಮೊಗ್ಗದಲ್ಲೇ ಎರಡೂ ಸಿಕ್ಕಿತು. ಸ್ವಿಚ್ಚು, ಕಪ್ಲರು, ರಿಲೇ ಎಲ್ಲ ಹಾಕಿ ಆಯ್ತು. ಎಲ್ಲ ಆನ್ ಮಾಡಿ ಅಳೆದರೆ ಈಗ 0.1 ವೋಲ್ಟ್. ಕಪ್ಲರ್ ಮುಟ್ಟಿದರೆ ತಣ್ಣಗಿದೆ. ವೈಪರೂ ಮೊದಲಿಗಿಂತ ಜೋರಾಗಿ ಓಡ್ತಿದೆ.

ಪುಣೆ_ಕನ್ನಡಿಗ
ವೈಪರ್ ಜೋರಾಗಿದ್ದು ಸಹಜ, ಅದಕ್ಕೆ ಒಂದು ವೋಲ್ಟಿಗಿಂತ ಜಾಸ್ತಿ ವಾಪಸ್ ಸಿಕ್ಕಿದೆ. ಮಳೆಗಾಲ ಮುಗಿಯೋದರೊಳಗೆ ಇನ್ನೊಮ್ಮೆ ಅಳೆದು ನೋಡಿ, 0.1ರಿಂದ ಏರಿದ್ದರೆ ಕ್ರಿಂಪ್ ಸರಿಯಾಗಿಲ್ಲ ಅಂತ.

ಅಡಿಕೆ_ಸಿಪ್ಪೆ
ನಮ್ಮ ಜೀಪಿನ ಹೆಡ್‌ಲೈಟ್ ಮಂಕು. 100/90 ವ್ಯಾಟಿನ ಬಲ್ಬ್ ಹಾಕ್ಸಿದ್ದು, ಆದರೂ ಮಂಕೇ. ಇದೂ ಹೀಗೇ ಇರ್ತಾ?

ಟೆಸ್ಟ್_ಲ್ಯಾಂಪ್
ಇರಬಹುದು. 60/55 ಬಲ್ಬಿಗೆ ಅಂತ ಇರೋ ಸ್ವಿಚ್ಚಿನ ಮೇಲೆ 100/90 ಹಾಕಿದರೆ ಬಲ್ಬಿಗೆ ಹೋಗಬೇಕಾದ್ದು ಸ್ವಿಚ್ಚಿನಲ್ಲೇ ಶಾಖವಾಗಿ ಹೋಗ್ತದೆ. ಮೊದಲು 60/55 ವಾಪಸ್ ಹಾಕಿ. ಆಮೇಲೆ ಲೈಟ್ ಆನ್ ಮಾಡಿ ಬ್ಯಾಟರಿ ಪಾಸಿಟಿವಿಗೂ ಬಲ್ಬಿನ ಪಾಸಿಟಿವ್ ಪಿನ್ನಿಗೂ ನಡುವೆ ಮೀಟರ್ ಇಡಿ, ಬಲ್ಬಿನ ಅರ್ಥ್ ಪಿನ್ನಿಗೂ ಬ್ಯಾಟರಿ ನೆಗೆಟಿವಿಗೂ ನಡುವೆ ಇನ್ನೊಮ್ಮೆ ಇಡಿ. ಎರಡೂ ರೀಡಿಂಗ್ ಹೊಸ ಪೋಸ್ಟಿನಲ್ಲಿ ಹಾಕಿ, ನೋಡೋಣ.